ಜಲ್ಲಿ ದಾರಿಗೆ ಹಳೆಯ ಎಸ್‌ಯುವಿ: 7 ಲಕ್ಷದೊಳಗೆ ಯಾವುದು ತೆಗೆದುಕೊಳ್ಳಲಿ?

ಕಾಫಿಕಣಿವೆ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಮೂಡಿಗೆರೆಯಿಂದ ಒಳಗಿದೆ. ಟಾರು ರಸ್ತೆ ಬಿಟ್ಟ ಮೇಲೆ ಮನೆಗೆ 4 ಕಿ.ಮೀ. ಮೊದಲ 3 ಕಿ.ಮೀ. ಜಲ್ಲಿ ರಸ್ತೆ. ಹಾಕಿ ಎಷ್ಟೋ ವರ್ಷವಾಯಿತು. ಮೇಲಿನ ಮಣ್ಣೆಲ್ಲ ಕೊಚ್ಚಿಹೋಗಿ ಈಗ ಚೂಪು ಕಲ್ಲು ಮಾತ್ರ ಉಳಿದಿದೆ. ಕೊನೆಯ 1 ಕಿ.ಮೀ. ನಮ್ಮದೇ ಮಣ್ಣು ದಾರಿ. ಮನೆ ಹತ್ತಿರ ಬಂತು ಅನ್ನುವಾಗ 60 ಮೀಟರ್ ನೇರ ಏರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಏರು ಸಾಬೂನು ಹಚ್ಚಿದ ಹಾಗಿರುತ್ತದೆ.

ಈಗ ಇರುವುದು ಸಣ್ಣ ಹ್ಯಾಚ್‌ಬ್ಯಾಕ್. ಕಳೆದ ಮಳೆಗಾಲದಲ್ಲಿ ಕಲ್ಲಿಗೆ ಬಡಿದು ಆಯಿಲ್ ಸಂಪ್ ಒಡೆಯಿತು. ದಾರಿಯುದ್ದಕ್ಕೂ ಕಪ್ಪು ಗೆರೆ. ಅಪ್ಪನಿಗೆ 74 ವರ್ಷ, ಉಬ್ಬಸ ಇದೆ. ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ರಾತ್ರಿ ಹೊತ್ತು ಏನಾದರೂ ಆದರೆ ಪಕ್ಕದ ತೋಟದವರನ್ನು ಎಬ್ಬಿಸಿ ಅವರ ಜೀಪು ಕೇಳಬೇಕು. ಇನ್ನೊಂದು ಮಳೆಗಾಲ ಹಾಗೆ ಕಳೆಯಲು ನನಗೆ ಧೈರ್ಯವಿಲ್ಲ.

ಟೈರು, ರಿಪೇರಿ, ಕಾಗದಪತ್ರ ಎಲ್ಲ ಸೇರಿ 7 ಲಕ್ಷ. ದಿನಾ ಮೂಡಿಗೆರೆ ಪೇಟೆಗೆ ಹೋಗಿ ಬರಬೇಕು, 12 ಕಿ.ಮೀ. ಒಳಗೇ ಮುಗಿಯುತ್ತದೆ. ತಿಂಗಳಿಗೊಮ್ಮೆ ಚಾರ್ಮಾಡಿ ಇಳಿದು ಮಂಗಳೂರು. ಸೀಸನ್‌ನಲ್ಲಿ ನಾಲ್ಕೈದು ಮೂಟೆ ಕಾಫಿ ಹೇರುವುದೂ ಉಂಟು. ಓಡಿಸುವುದು ನಾನೇ. ಬೆಂಗಳೂರಿನಲ್ಲಿರುವ ತಮ್ಮ ಈಗಿನ ಕಾಲದ ಕಾಂಪ್ಯಾಕ್ಟ್ ಎಸ್‌ಯುವಿ ತೆಗೆದುಕೊ ಅನ್ನುತ್ತಾನೆ. ಅಪ್ಪ, ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವುದು) ಇಲ್ಲದ್ದು ಬೇಡವೇ ಬೇಡ ಅನ್ನುತ್ತಾರೆ. ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆಯಾಗಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಹಸುಡಾಕ್ಟ್ರು (ತೀರ್ಥಹಳ್ಳಿ)

ಮೇಡಂ, ನಾನು ಪಶುವೈದ್ಯ. ಹಗಲು ರಾತ್ರಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಓಡಾಡುವ ಕೆಲಸ. ನನ್ನ ಹತ್ತಿರ 2016ರ ಡಸ್ಟರ್ ಎಡಬ್ಲ್ಯುಡಿ ಇದೆ, ಅಂದರೆ ಬೇಕಾದಾಗ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾಡೆಲ್. ಅದರಲ್ಲೇ ಎಲ್ಲ ಕಡೆ ಹೋಗಿ ಬಂದಿದ್ದೇನೆ. ನೆಲದಿಂದ 210 ಮಿ.ಮೀ. ಎತ್ತರ. ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಸಸ್ಪೆನ್ಷನ್ ಇರುವುದರಿಂದ ಜಲ್ಲಿ ಮೇಲೆ ಮೈ ಕುಲುಕುವುದು ಬಹಳ ಕಡಿಮೆ. ಫಸ್ಟ್ ಗೇರ್ ಬೇಕೆಂದೇ ಗಿಡ್ಡ ಮಾಡಿದ್ದಾರೆ, ಏರಿನಲ್ಲಿ ಕ್ಲಚ್ ಸುಡಬೇಕಾಗಿಲ್ಲ. ವಯಸ್ಸಾದವರು ಕೂರುತ್ತಾರೆ ಅಂದರೆ ಇದಕ್ಕಿಂತ ಹಿತವಾದದ್ದು ಈ ದುಡ್ಡಿಗೆ ಸಿಗುವುದು ಕಷ್ಟ.

ಆದರೆ ಎರಡು ವಿಷಯ ನೋಡಿಕೊಳ್ಳಿ. ಇದರ ಡೀಸೆಲ್ ಎಂಜಿನ್‌ನಲ್ಲಿ ಟೈಮಿಂಗ್ (ವಾಲ್ವು, ಪಿಸ್ಟನ್ ಚಲನೆಯ ಹೊಂದಾಣಿಕೆ) ಇರುವುದು ಚೈನ್‌ನಲ್ಲಲ್ಲ, ಬೆಲ್ಟ್‌ನಲ್ಲಿ. ಅದು ತುಂಡಾದರೆ ವಾಲ್ವು, ಪಿಸ್ಟನ್ ಡಿಕ್ಕಿಯಾಗಿ ಎಂಜಿನ್ನೇ ಹೋಗುತ್ತದೆ. ಬದಲಾಯಿಸಿದ ಬಿಲ್ ತೋರಿಸದಿದ್ದರೆ, ಬದಲಾಯಿಸಿಲ್ಲ ಅಂತಲೇ ಲೆಕ್ಕ ಹಾಕಿ ಬೆಲೆ ಇಳಿಸಿ. ಇನ್ನೊಂದು, ನಾಲ್ಕೂ ಟೈರು ಒಂದೇ ಅಳತೆ, ಒಂದೇ ಸವೆತ ಇರಬೇಕು. ಎರಡು ಹೊಸದು, ಎರಡು ಹಳೆಯದು ಹಾಕಿ ಓಡಿಸಿದ್ದರೆ ಹಿಂದಿನ ಚಕ್ರಕ್ಕೆ ಶಕ್ತಿ ಕಳಿಸುವ ಎಡಬ್ಲ್ಯುಡಿ ಕಪ್ಲಿಂಗ್ ಮೇಲೆ ಸುಮ್ನೆ ಒತ್ತಡ ಬಿದ್ದಿರುತ್ತದೆ.

ಎರೆಹೊಲ (ಸಿಂದಗಿ)

ಅಕ್ಕಾರ, ನಮ್ಮ ಕಡೆ ಗರಸು ರಸ್ತೆ ಜಾಸ್ತಿ, ಮಳೆ ಕಡಿಮೆ, ಧೂಳು ವಿಪರೀತ. ನಾನು ಹೇಳುವುದು ಒಂದೇ ಪರೀಕ್ಷೆ. ಯಾವ ಗಾಡಿ ನೋಡಲು ಹೋದರೂ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿರಿ. ಫಿಲ್ಟರ್ ಕೊಳಕಾಗಿದ್ದರೆ ಹೆದರಬೇಡಿರಿ, ಅದರ ಕೆಲಸವೇ ಅದು. ಫಿಲ್ಟರ್ ದಾಟಿ ಎಂಜಿನ್ ಕಡೆ ಹೋಗುವ ಪೈಪಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ತಿರುವಿರಿ. ಬಟ್ಟೆಗೆ ಕೆಂಪು ಧೂಳು ಹತ್ತಿತು ಅಂದರೆ ಆ ಎಂಜಿನ್ ಮಣ್ಣು ತಿಂದಿದೆ. ಪಿಸ್ಟನ್ ರಿಂಗು, ಟರ್ಬೊ ಎರಡೂ ಸವೆದಿರುತ್ತವೆ. ಹೊರಗೆ ಎಷ್ಟೇ ಮಿಂಚಲಿ, ಅದನ್ನು ಬಿಟ್ಟು ಬನ್ನಿರಿ.

ಇನ್ನು ಅಪ್ಪಾವರ ಫೋರ್ ಬೈ ಫೋರ್ ಮಾತು. ನಮ್ಮ ಎರೆ ಮಣ್ಣು ಹಸಿಯಾದರೆ ಟೈರಿಗೆ ಹಿಟ್ಟಿನಂಗ ಮೆತ್ತಿಕೊಂಡು ಎಲ್ಲ ಗಾಲಿಯೂ ಬೋಳಾಗುತ್ತವೆ. ಆಗ ನಾಲ್ಕು ಗಾಲಿ ತಿರುಗಿದರೂ ಅಷ್ಟೇ, ಎರಡು ತಿರುಗಿದರೂ ಅಷ್ಟೇ. ಹಿಡಿತ ಕೊಡುವುದು ಮೊದಲು ಟೈರು. ಆಮೇಲೆ ಗೇರ್ ಬಾಕ್ಸು.

ಅಡಿನೋಡಿ (ಚಿಕ್ಕಮಗಳೂರು)

ನಾನು ಮೆಕ್ಯಾನಿಕ್. 19 ವರ್ಷದಿಂದ ತೋಟದ ಗಾಡಿಗಳನ್ನೇ ರಿಪೇರಿ ಮಾಡುತ್ತಿದ್ದೇನೆ. ಮೇಡಂ ಕೇಳಿರುವುದು ಬಹಳ ಜನ ನನ್ನ ಹತ್ತಿರ ಕೇಳುವ ಪ್ರಶ್ನೆಯೇ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ನಿಮ್ಮ ದಾರಿಯನ್ನು ಎರಡು ಪಾಲು ಮಾಡಿ. 3 ಕಿ.ಮೀ. ಜಲ್ಲಿ ಬೇರೆ, 60 ಮೀಟರ್ ಏರು ಬೇರೆ. ಜಲ್ಲಿಗೆ ಫೋರ್ ಬೈ ಫೋರ್ ಬೇಕಾಗಿಲ್ಲ. ಜಲ್ಲಿ ಗಾಡಿಯನ್ನು ನಿಲ್ಲಿಸುವುದಿಲ್ಲ, ತಿನ್ನುತ್ತದೆ. ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್, ಟೈರಿನ ಪಕ್ಕೆ ಇವನ್ನು ದಿನಾ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಅಲ್ಲಿ ಬೇಕಾದ್ದು ಗಟ್ಟಿ ಅಡಿಭಾಗ ಮತ್ತು ಎತ್ತರದ ಟೈರು. ಏರಿಗೆ ಮಾತ್ರ ಹಿಡಿತ ಬೇಕು.

ಟೈರಿನ ಪಕ್ಕೆ ಎತ್ತರ ಎಷ್ಟು ಮುಖ್ಯ ಅಂತ ಲೆಕ್ಕ ಹಾಕಿ ನೋಡಿ. ಬೊಲೆರೋದಲ್ಲಿ ಬರುವ 215/75 ಆರ್15 ಟೈರಿನ ಪಕ್ಕೆ 161 ಮಿ.ಮೀ. ಡಸ್ಟರ್‌ನ 215/65 ಆರ್16 ಆದರೆ 140. ನಿಮ್ಮ ತಮ್ಮ ಹೇಳುವ ಕಾಂಪ್ಯಾಕ್ಟ್ ಗಾಡಿಗಳ ಟಾಪ್ ಮಾಡೆಲ್‌ನಲ್ಲಿ 215/60 ಆರ್17 ಇದ್ದರೆ 129 ಮಾತ್ರ. ಚೂಪು ಜಲ್ಲಿಗೆ ಚಕ್ರ ಇಳಿದಾಗ ರಿಮ್‌ಗೂ ಕಲ್ಲಿಗೂ ನಡುವೆ ಇರುವುದು ಆ ರಬ್ಬರು ಅಷ್ಟೇ. ದೊಡ್ಡ ಅಲಾಯ್ ಚಂದ ಕಾಣುತ್ತದೆ ನಿಜ. ನನ್ನ ಗ್ಯಾರೇಜಿಗೆ ಪಕ್ಕೆ ಹರಿದುಕೊಂಡು ಬರುವುದು ಹೆಚ್ಚಾಗಿ ಆ ಟೈರುಗಳೇ. ಪಕ್ಕೆ ಹರಿದರೆ ಪಂಚರ್ ಹಾಕಲು ಬರುವುದಿಲ್ಲ, ಟೈರೇ ಬದಲಾಯಿಸಬೇಕು.

ಎರಡನೆಯದು ಡಿಪಿಎಫ್. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂತು, ಅದಕ್ಕೂ ಮೊದಲು ಇದ್ದದ್ದು ಬಿಎಸ್4. ಆಮೇಲಿನ ಡೀಸೆಲ್ ಎಸ್‌ಯುವಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಈ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಬಿಸಿಯಾಗಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ದಿನಾ 12 ಕಿ.ಮೀ. ಒಳಗೆ, ಅದರಲ್ಲೂ ಫಸ್ಟ್ ಸೆಕೆಂಡ್ ಗೇರ್‌ನಲ್ಲೇ ಓಡುವ ಗಾಡಿಯಲ್ಲಿ ಅದು ಆಗುವುದಿಲ್ಲ. ಮಸಿ ಕಟ್ಟಿಕೊಂಡು ಮೀಟರ್‌ನಲ್ಲಿ ದೀಪ ಹತ್ತಿಕೊಳ್ಳುತ್ತದೆ. ನಿಮ್ಮ ಓಡಾಟಕ್ಕೆ ಬಿಎಸ್4 ಡೀಸೆಲ್ ಅಥವಾ ಪೆಟ್ರೋಲ್.

ಹಾಗಂತ ತೀರಾ ಹಳೆಯದಕ್ಕೂ ಹೋಗಬೇಡಿ. ಚಾರ್ಮಾಡಿ ಇಳಿಯುತ್ತೀರಿ, ಅಪ್ಪ ಅಮ್ಮ ಇರುತ್ತಾರೆ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರಿಗೂ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವುದು) ಕಡ್ಡಾಯವಾಯಿತು, ಅದೇ ಜುಲೈನಿಂದ ಡ್ರೈವರ್ ಏರ್‌ಬ್ಯಾಗ್. ಅಂದರೆ 2019ರ ಜುಲೈನಿಂದ 2020ರ ಮಾರ್ಚ್ ಒಳಗೆ ತಯಾರಾದ ಡೀಸೆಲ್ ಗಾಡಿಯಲ್ಲಿ ಎಬಿಎಸ್ಸೂ ಇದೆ, ಏರ್‌ಬ್ಯಾಗೂ ಇದೆ, ಬಿಎಸ್6ರ ತಾಪತ್ರಯವೂ ಇಲ್ಲ. ಒಂಬತ್ತು ತಿಂಗಳಿನ ಕಿಟಕಿ ಅದು. ನನ್ನ ಸ್ವಂತ ಅಕ್ಕನಿಗೂ ಹುಡುಕಿಸಿ ಅದನ್ನೇ ಕೊಡಿಸಿದೆ.

ಹೆಸರು ಹೇಳಿ ಅಂದರೆ, ಆ ಅವಧಿಯ ಬೊಲೆರೋ ಪವರ್ ಪ್ಲಸ್. ಲ್ಯಾಡರ್ ಚಾಸಿ (ಏಣಿಯ ಹಾಗಿರುವ ಗಟ್ಟಿ ಉಕ್ಕಿನ ಚೌಕಟ್ಟು), ಹಿಂದೆ ಲೀಫ್ ಸ್ಪ್ರಿಂಗು (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ), ಎತ್ತರ 180 ಮಿ.ಮೀ. ಡಸ್ಟರ್‌ಗಿಂತ ಕಮ್ಮಿ ಅನ್ನಿಸಬಹುದು. ಮೂಟೆ ಹೇರಿದಾಗ ಲೀಫ್ ಸ್ಪ್ರಿಂಗು ಅಷ್ಟು ಕುಗ್ಗುವುದಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಿಡಿ ಭಾಗ ಮೂಡಿಗೆರೆಯಲ್ಲೇ ಸಿಗುತ್ತವೆ. ಖಾಲಿ ಓಡಿಸಿದರೆ ಹಿಂಭಾಗ ಎಗರುತ್ತದೆ, ಇದು ಸತ್ಯ. ಅಮ್ಮನನ್ನು ಮುಂದಿನ ಸೀಟಿನಲ್ಲೇ ಕೂರಿಸಿ.

ಹಸುಡಾಕ್ಟ್ರು (ತೀರ್ಥಹಳ್ಳಿ)

ಡಿಪಿಎಫ್ ವಿಷಯ ನೂರಕ್ಕೆ ನೂರು ಸರಿ. ಆದರೆ ಅಣ್ಣ, ಆ ಏರಿನ ಬಗ್ಗೆ ಏನೂ ಹೇಳಲಿಲ್ಲವಲ್ಲ. ಬೊಲೆರೋದಲ್ಲಿ ಶಕ್ತಿ ಹೋಗುವುದು ಹಿಂದಿನ ಎರಡು ಚಕ್ರಕ್ಕೆ. ಹಿಂದೆ ಭಾರ ಇಲ್ಲದಿದ್ದರೆ ಒದ್ದೆ ಏರಿನಲ್ಲಿ ಒಂದು ಚಕ್ರ ಸುಮ್ಮನೆ ತಿರುಗಿ ನಿಂತುಬಿಡುತ್ತದೆ. ರಾತ್ರಿ ಎರಡು ಗಂಟೆಗೆ ಉಬ್ಬಸದವರನ್ನು ಕೂರಿಸಿಕೊಂಡು ಹಾಗೆ ನಿಂತರೆ? ನನಗೆ ಅದೇ ಚಿಂತೆ.

ಅಡಿನೋಡಿ (ಚಿಕ್ಕಮಗಳೂರು)

ಡಾಕ್ಟ್ರೇ, ಒಳ್ಳೆ ಪ್ರಶ್ನೆ. ಆ ಏರಿಗೆ ಗಾಡಿ ಬದಲಾಯಿಸುವುದಕ್ಕಿಂತ ಏರನ್ನೇ ಬದಲಾಯಿಸಿ ಅನ್ನುತ್ತೇನೆ ನಾನು.

60 ಮೀಟರ್ ಅಷ್ಟೇ ಅಲ್ವಾ? ಇಡೀ ಅಗಲಕ್ಕೆ ಕಾಂಕ್ರೀಟ್ ಬೇಡ. ಚಕ್ರ ಹೋಗುವ ಜಾಗಕ್ಕೆ ಎರಡು ಪಟ್ಟಿ, ಒಂದೊಂದೂ ಎರಡಡಿ ಅಗಲ, ನಾಲ್ಕಿಂಚು ದಪ್ಪ. ಲೆಕ್ಕ ಹಾಕಿದರೆ ಸುಮಾರು 7 ಘನ ಮೀಟರ್ ಕಾಂಕ್ರೀಟ್ ಆಗುತ್ತದೆ. 45ರಿಂದ 50 ಮೂಟೆ ಸಿಮೆಂಟು. ಮೇಲೆ ನುಣ್ಣಗೆ ಮಾಡಿಸಬೇಡಿ. ಹಸಿ ಇರುವಾಗಲೇ ಗಟ್ಟಿ ಪೊರಕೆಯಿಂದ ಅಡ್ಡಡ್ಡ ಗೀರು ಎಳೆಸಿ. ಏರಿನ ತಲೆಯಲ್ಲಿ ಒಂದು, ನಡುವೆ ಒಂದು ಅಡ್ಡ ಚರಂಡಿ ಮಾಡಿಸಿ. ನೀರು ಪಟ್ಟಿ ಪಕ್ಕ ಹರಿದು ಕೊರಕಲು ಬಿದ್ದರೆ ಎರಡೇ ಮಳೆಗಾಲಕ್ಕೆ ಪಟ್ಟಿ ಅಡಿಯಲ್ಲಿ ಮಣ್ಣಿಲ್ಲದೆ ನಿಂತಿರುತ್ತದೆ. ಕೆಲಸ ಏಪ್ರಿಲ್ ಒಳಗೆ ಮುಗಿಯಲಿ, ಹದಿನೈದು ದಿನವಾದರೂ ನೀರು ಕುಡಿಯಲಿ.

ಇದು ಗಾಡಿಯ ಜೊತೆ ಹೋಗುವ ಖರ್ಚಲ್ಲ. ಆಂಬುಲೆನ್ಸ್ ಬರುತ್ತದೆ, ಗ್ಯಾಸ್ ಗಾಡಿ ಬರುತ್ತದೆ, ಕೆಲಸದವರ ಬೈಕು ಬರುತ್ತದೆ. ಮನೆಗೆ ಬರುವ ಎಲ್ಲರಿಗೂ ಆಗುತ್ತದೆ.

ಇಷ್ಟಾದ ಮೇಲೂ ಫೋರ್ ಬೈ ಫೋರ್ರೇ ಬೇಕು ಅಂದರೆ ತಪ್ಪಿಲ್ಲ. ಆಗ ಒಂದು ಎಚ್ಚರ. ಹಳೆಯ ಎಷ್ಟೋ ಫೋರ್ ಬೈ ಫೋರ್ ಗಾಡಿಯಲ್ಲಿ ಅದನ್ನು ಹಾಕುವ ಲಿವರ್ ಮುಟ್ಟದೆ ವರ್ಷಗಳಾಗಿರುತ್ತವೆ. ಮಣ್ಣು ಜಾಗಕ್ಕೆ ಕರೆದುಕೊಂಡು ಹೋಗಿ ಆ ಲಿವರ್‌ನ ಹೈ (ಮಾಮೂಲಿ ವೇಗ), ಲೋ (ನಿಧಾನ, ಹೆಚ್ಚು ಶಕ್ತಿ) ಎರಡೂ ಹಾಕಿಸಿ ನೂರಡಿ ಓಡಿಸಿ ನೋಡಿ. ಟಾರು ಮೇಲೆ ಹಾಕಿ ತಿರುಗಿಸಬೇಡಿ, ಗೇರ್‌ಗಳು ಬಿಗಿದುಕೊಳ್ಳುತ್ತವೆ.

ಘಟ್ಟದಕೆಳಗೆ (ಬೆಳ್ತಂಗಡಿ)

ಅಕ್ಕ, ನೀವು ಕರಾವಳಿ ಕಡೆಯ ಗಾಡಿ ನೋಡಿದರೆ ತುಕ್ಕು ನೋಡಿಕೊಳ್ಳಿ. ಉಪ್ಪು ಗಾಳಿಗೆ ಚಾಸಿ ಒಳಗಿಂದ ತಿಂದುಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟ್‌ನಲ್ಲಿ ಬೆಳಗಾವಿ ಕಡೆ ಮತ್ತು ನಮ್ಮ ಚಾರ್ಮಾಡಿ ಭಾಗದಲ್ಲಿ ನೆರೆ ಬಂದದ್ದು ನೆನಪಿದೆ ಅಲ್ವಾ? ನೀರಲ್ಲಿ ಮುಳುಗಿದ ಗಾಡಿಯನ್ನು ಹೊರಗಿಂದ ಕಂಡುಹಿಡಿಯಲು ಆಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆತನಕ ಎಳೆಯಿರಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ನೀರು ಅಲ್ಲಿವರೆಗೆ ಬಂದಿತ್ತು ಅಂತ ಅರ್ಥ. ಎಲ್ಲರೂ ಸೀಟು, ಕಾರ್ಪೆಟ್ ತೊಳೆಸುತ್ತಾರೆ. ಬೆಲ್ಟ್ ಬುಡ ತೊಳೆಸುವವರು ಕಡಿಮೆ.

ಇನ್ನೊಂದು, ಬೊಲೆರೋ ಅಂದರೆ ಬಾಡಿಗೆಗೆ ಓಡಿದ್ದು ಜಾಸ್ತಿ. ಆರ್‌ಸಿಯಲ್ಲಿ ಹಳದಿ ಬೋರ್ಡಿನಿಂದ ಬಿಳಿಗೆ ಬದಲಾಗಿದೆಯಾ ನೋಡಿ. ಸಾಲ ಇದ್ದದ್ದಾದರೆ ಸಾಲ ತೀರಿತು ಅನ್ನುವ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಹೆಸರು ಬದಲಾಯಿಸುವುದನ್ನು ನೀವೇ ನಿಂತು ಮಾಡಿಸಿ. ಕೇರಳದ ನಂಬರಿನ ಗಾಡಿ ಅಗ್ಗಕ್ಕೆ ಸಿಕ್ಕರೂ ಇಲ್ಲಿ ಜೀವಾವಧಿ ತೆರಿಗೆ ಕಟ್ಟಬೇಕಾಗುತ್ತದೆ. ಅದನ್ನು ಸೇರಿಸಿ ನೋಡಿದರೆ ಅಗ್ಗ ಅನ್ನುವುದು ಎಲ್ಲೋ ಹೋಗಿರುತ್ತದೆ.

ಕಾಫಿಕಣಿವೆ (ಮೂಡಿಗೆರೆ)

ಎಲ್ಲರಿಗೂ ತುಂಬ ಧನ್ಯವಾದ. ನಿಮ್ಮ ಮಾತುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಈ ಎರಡು ವಾರದಲ್ಲಿ ಮೂರು ಗಾಡಿ ನೋಡಿದೆ.

ಮೊದಲನೆಯದು ಒಬ್ಬ ಡೀಲರ್ ಹತ್ತಿರ ಇದ್ದ ಫೋರ್ ಬೈ ಫೋರ್. ಕಂಪನಿ ಹೆಸರು, ಊರು ಎರಡೂ ಬೇಡ. ಅಪ್ಪನಿಗೆ ನೋಡಿದ ಕೂಡಲೇ ಹಿಡಿಸಿತು. ಕೆಳಗೆಲ್ಲ ಹೊಸದಾಗಿ ಕಪ್ಪು ಅಂಡರ್‌ಕೋಟ್ ಬಳಿದಿದ್ದರು. ಚಾಪೆ ಹಾಸಿಕೊಂಡು ಟಾರ್ಚ್ ಹಿಡಿದು ನಾನೇ ಅಡಿಗೆ ಹೋದೆ. ಹಿಂದಿನ ಚಕ್ರದ ಮುಂದೆ ಚಾಸಿ ಮೇಲೆ ಬಣ್ಣ ಸ್ವಲ್ಪ ಉಬ್ಬಿದ ಹಾಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಕೆರೆದೆ. ಹಪ್ಪಳದ ಹಾಗೆ ಕಪ್ಪು ಪದರ ಎದ್ದು ಬಂತು. ಅದರ ಕೆಳಗೆ ಕೆಂಪು ತುಕ್ಕು, ಅದರ ಕೆಳಗೆ ಬೆರಳುದ್ದದ ವೆಲ್ಡಿಂಗ್ ಗೆರೆ. ಚಾಸಿ ಒಮ್ಮೆ ಬಿರುಕು ಬಿಟ್ಟು ಬೆಸುಗೆ ಹಾಕಿದ್ದು. ಅಪ್ಪನಿಗೆ ಫೋನಿನಲ್ಲಿ ಫೋಟೊ ತೋರಿಸಿದೆ. ಅವರು ಏನೂ ಮಾತಾಡಲಿಲ್ಲ, ಚಪ್ಪಲಿ ಹಾಕಿಕೊಂಡು ಹೊರಗೆ ನಡೆದರು.

ಎರಡನೆಯದು ಡಸ್ಟರ್ ಎಡಬ್ಲ್ಯುಡಿ. ಡಾಕ್ಟ್ರೇ, ನೀವು ಹೇಳಿದ್ದು ನಿಜ. ಜಲ್ಲಿ ಮೇಲೆ ತೇಲಿದ ಹಾಗೆ ಹೋಯಿತು. ಅಮ್ಮ ಹತ್ತಿ ಇಳಿಯಲು ಯಾರ ಕೈಯೂ ಹಿಡಿಯಲಿಲ್ಲ. ಬೆಲ್ಟ್ ಬದಲಾಯಿಸಿದ ಬಿಲ್ ಇರಲಿಲ್ಲ, ನಾಲ್ಕೂ ಟೈರು ಬೇರೆ ಬೇರೆ ವರ್ಷದ್ದು. ಎರಡೂ ಸರಿಮಾಡಿಸಿದರೆ ಕೈಯಲ್ಲಿದ್ದ ದುಡ್ಡು ಮೀರುತ್ತಿತ್ತು. ಬೆಲೆ ಇಳಿಸಲು ಅವರು ಒಪ್ಪಲಿಲ್ಲ. ಮನಸ್ಸಿಲ್ಲದೆ ಬಿಟ್ಟು ಬಂದೆ.

ಮೂರನೆಯದು 2019ರ ಅಕ್ಟೋಬರ್‌ನ ಬೊಲೆರೋ ಪವರ್ ಪ್ಲಸ್. ಬಾಳೂರು ಕಡೆಯ ತೋಟದವರದ್ದು, ಮೊದಲಿನಿಂದ ಬಿಳಿ ಬೋರ್ಡ್. 81,000 ಕಿ.ಮೀ. ಓಡಿದೆ, ಸರ್ವಿಸ್ ಪುಸ್ತಕ ಪೂರ್ತಿ ಇದೆ. ಬೆಳಿಗ್ಗೆ ಆರಕ್ಕೆ, ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿದೆ. ಎರೆಹೊಲ ಅಣ್ಣ ಹೇಳಿದ ಹಾಗೆ ಬಿಳಿ ಬಟ್ಟೆ ಪರೀಕ್ಷೆಯೂ ಆಯಿತು, ಬಟ್ಟೆ ಬಿಳಿಯಾಗಿಯೇ ಬಂತು. ತೊಂದರೆ ಎರಡು. ಮುಂದಿನ ಎಡಗಡೆಯಿಂದ ಟಕ್ ಟಕ್ ಸದ್ದು ಬರುತ್ತದೆ. ಟೈರಿನ ಪಕ್ಕೆಯಲ್ಲಿ ಕೊನೆಯ ನಾಲ್ಕು ಅಂಕಿ 3119 ಅಂತ ಇದೆ. ಮತ್ತೆ, ಅಮ್ಮನಿಗೆ ಹತ್ತಲು ಆಗುವುದಿಲ್ಲ. ಫುಟ್‌ಸ್ಟೆಪ್ ಇದ್ದರೂ ಮೊದಲ ಹೆಜ್ಜೆಯೇ ಅವರ ಮಂಡಿಗೆ ಜಾಸ್ತಿ ಎತ್ತರ. ಇದಕ್ಕೆ ಏನಾದರೂ ದಾರಿ ಇದೆಯಾ?

ಅಡಿನೋಡಿ (ಚಿಕ್ಕಮಗಳೂರು)

3119 ಅಂದರೆ 2019ರ 31ನೇ ವಾರದಲ್ಲಿ ತಯಾರಾದ ಟೈರು. ಗಾಡಿಯ ಜೊತೆ ಬಂದದ್ದೇ. ಗುಬ್ಬಿ ಎಷ್ಟೇ ಉಳಿದಿರಲಿ, ರಬ್ಬರು ಗಟ್ಟಿಯಾಗಿರುತ್ತದೆ. ಒದ್ದೆ ಕಲ್ಲಿನ ಮೇಲೆ ಜಾರುತ್ತದೆ. ಐದಕ್ಕೆ ಐದೂ ಬದಲಾಯಿಸುವ ದುಡ್ಡು ಬೆಲೆಯಲ್ಲಿ ಕಳೆಯಿರಿ. ಸ್ಟೆಪ್ನಿ ಮರೆಯಬೇಡಿ, ನಿಮ್ಮ ದಾರಿಯಲ್ಲಿ ಅದು ಬೇಕಾಗುತ್ತದೆ. ಆಲ್ ಟೆರೇನ್ (ಟಾರು, ಮಣ್ಣು ಎರಡಕ್ಕೂ ಆಗುವ) ಗುಬ್ಬಿಯ ಟೈರು ಹಾಕಿಸಿ. ಟಾರು ಮೇಲೆ ಸ್ವಲ್ಪ ಸದ್ದು ಬರುತ್ತದೆ, ಬರಲಿ.

ಟಕ್ ಟಕ್ ಸದ್ದು ಬಾಲ್ ಜಾಯಿಂಟ್ ಇರಬಹುದು, ಬುಷ್ ಇರಬಹುದು. ಜಾಕ್ ಏರಿಸಿ ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲುಗಾಡಿಸಿದರೆ ಗೊತ್ತಾಗುತ್ತದೆ. ಎರಡೂ ದೊಡ್ಡ ಖರ್ಚಲ್ಲ. ಚಾಸಿ ಸರಿ ಇದ್ದರೆ ತೆಗೆದುಕೊಳ್ಳಿ.

ಅಮ್ಮನ ವಿಷಯಕ್ಕೆ ಕೆಳಗೆ ಇನ್ನೊಂದು ಮೆಟ್ಟಿಲು ವೆಲ್ಡ್ ಮಾಡಿಸಬೇಡಿ. ಅದು ಕಲ್ಲಿಗೆ ಹೊಡೆಯುತ್ತದೆ. ಬಾಗಿಲ ಕಂಬಕ್ಕೆ ಗಟ್ಟಿ ಹಿಡಿಕೆ ಹಾಕಿಸಿ. ಆರಿಂಚು ಎತ್ತರದ ಮರದ ಮಣೆ ಒಂದು ಗಾಡಿಯಲ್ಲೇ ಇರಲಿ. ನನ್ನ ಅಕ್ಕನ ಅತ್ತೆ ಹಾಗೇ ಹತ್ತುತ್ತಾರೆ.

ಎರೆಹೊಲ (ಸಿಂದಗಿ)

ಅಕ್ಕಾರ, ಹನ್ನೆರಡು ವೋಲ್ಟಿನ ಸಣ್ಣ ಗಾಳಿ ಪಂಪು ಒಂದು ಕೊಂಡು ಇಡಿರಿ. ಜಲ್ಲಿಗೆ ಇಳಿಯುವ ಮೊದಲು 32 ಇರುವ ಗಾಳಿಯನ್ನು 26ಕ್ಕೆ ಇಳಿಸಿದರೆ ಟೈರು ಕಲ್ಲನ್ನು ಅಪ್ಪಿಕೊಂಡು ಹೋಗುತ್ತದೆ, ಕುಲುಕಾಟವೂ ಅರ್ಧ. ಆದರೆ ವೇಗ 30 ದಾಟಬಾರದು. ಮೂಟೆ ಹೇರಿದ ದಿನ ಇಳಿಸಬೇಡಿರಿ. ಟಾರು ಸಿಕ್ಕ ಕೂಡಲೇ ಮತ್ತೆ ತುಂಬಿಸಿರಿ. ಇನ್ನೊಂದು ಮಾತು, ಜಲ್ಲಿ ಮೇಲೆ ಎಬಿಎಸ್ ನಂಬಿ ವೇಗ ಮಾಡಬೇಡಿರಿ. ಸಡಿಲ ಕಲ್ಲಿನ ಮೇಲೆ ಎಬಿಎಸ್ ಬ್ರೇಕು ಬಿಟ್ಟು ಬಿಟ್ಟು ಹಿಡಿಯುತ್ತದೆ, ಗಾಡಿ ನಿಲ್ಲುವುದು ಇನ್ನೂ ದೂರ ಹೋಗಿ. ಇಳಿಜಾರಿನಲ್ಲಿ ಗೇರೇ ಬ್ರೇಕು.

ಕಾಫಿಕಣಿವೆ (ಮೂಡಿಗೆರೆ)

ಆರು ತಿಂಗಳ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಬೊಲೆರೋನೇ ತೆಗೆದುಕೊಂಡೆವು. ಐದು ಹೊಸ ಟೈರು, ಎಡಗಡೆಯ ಬಾಲ್ ಜಾಯಿಂಟ್, ಎರಡೂ ಕಡೆ ಬುಷ್, ಹಿಡಿಕೆ, ಎಲ್ಲ ಆಯಿತು. ಏರಿಗೆ ಎರಡು ಪಟ್ಟಿ ಕಾಂಕ್ರೀಟನ್ನು ಏಪ್ರಿಲ್ ಎರಡನೇ ವಾರದಲ್ಲಿ ಹಾಕಿಸಿದೆವು. 48 ಮೂಟೆ ಸಿಮೆಂಟು ಹಿಡಿಯಿತು. ಪೊರಕೆಯಿಂದ ಗೀರು ಎಳೆದದ್ದು ಅಪ್ಪ. ಯಾರಿಗೂ ಬಿಡಲಿಲ್ಲ. ಈ ಖರ್ಚು 7 ಲಕ್ಷದ ಹೊರಗೆ ಹೋಯಿತು, ಅದನ್ನು ಕಾಫಿ ದುಡ್ಡಿನಲ್ಲಿ ಸರಿದೂಗಿಸಿದೆ.

ಜುಲೈ ಮೂರನೇ ವಾರ ಮಳೆ ಹಿಡಿದು ಬಿಡದೆ ಸುರಿಯುತ್ತಿತ್ತು. ರಾತ್ರಿ ಒಂದೂವರೆಗೆ ಅಪ್ಪನಿಗೆ ಉಸಿರು ಕಟ್ಟಿತು. ನೆಬ್ಯುಲೈಸರ್ ಹಾಕಿದರೂ ಇಳಿಯಲಿಲ್ಲ. ಕರೆಂಟೂ ಇರಲಿಲ್ಲ. ಅಮ್ಮ ಟಾರ್ಚ್ ಹಿಡಿದರು, ನಾನು ಅಪ್ಪನನ್ನು ಕೂರಿಸಿದೆ. ಇಳಿಯುವಾಗ ಪಟ್ಟಿಯ ಮೇಲೆ ನೀರು ಹರಿಯುತ್ತಿತ್ತು, ಫಸ್ಟ್ ಗೇರ್‌ನಲ್ಲಿ ಬ್ರೇಕ್ ಮುಟ್ಟದೆ ಇಳಿದೆ. ಜಲ್ಲಿಯಲ್ಲಿ ಎಲ್ಲೂ ಅಡಿ ಬಡಿಯಲಿಲ್ಲ. ಟಾರು ರಸ್ತೆ ಮುಟ್ಟಲು 17 ನಿಮಿಷ. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದ ಮೇಲೆ ಅಪ್ಪ ಕೇಳಿದ ಮೊದಲ ಮಾತು, "ಏರು ಹತ್ತುವಾಗ ಜಾರೀತೇನೋ, ಬೆಳಗಾದ ಮೇಲೆ ಹೋಗೋಣವಾ?" ಮಾರನೆಯ ದಿನ ಮಧ್ಯಾಹ್ನ ಅದೇ ಮಳೆಯಲ್ಲಿ ಮನೆಗೆ ಬಂದೆವು. ಏರಿನಲ್ಲಿ ಒಂದು ಸಲವೂ ಚಕ್ರ ಜಾರಲಿಲ್ಲ.

ಅಮ್ಮನ ಮಣೆಯನ್ನು ನಮ್ಮ ತೋಟದ ಹಲಸಿನ ಮರದಲ್ಲೇ ಮಾಡಿಸಿದೆವು. ಹಗ್ಗ ಕಟ್ಟಿದ್ದಾರೆ. ಹತ್ತಿ ಕೂತ ಮೇಲೆ ಅವರೇ ಹಗ್ಗ ಎಳೆದು ಒಳಗಿಟ್ಟುಕೊಳ್ಳುತ್ತಾರೆ.

ಹಸುಡಾಕ್ಟ್ರೇ, ನಿಮ್ಮ ಡಸ್ಟರ್ ನನಗೆ ಇನ್ನೂ ನೆನಪಾಗುತ್ತದೆ. ಖಾಲಿ ಬೊಲೆರೋದಲ್ಲಿ ಹಿಂದಿನ ಸೀಟು ನಿಜವಾಗಿಯೂ ಎಗರುತ್ತದೆ. ಹಿಂದೆ ಎರಡು ಮೂಟೆ ಮರಳು ಹಾಕಿಟ್ಟ ಮೇಲೆ ಎಷ್ಟೋ ವಾಸಿ.

ಅಡಿನೋಡಿ ಅಣ್ಣ, ಟೈರು ಅದಲುಬದಲು ಮಾಡಿಸಿ ಒಮ್ಮೆ ಅಡಿಭಾಗ ಪೂರ್ತಿ ತೋರಿಸಬೇಕು ಅಂತಿದ್ದೇನೆ. ಬುಧವಾರ ಚಿಕ್ಕಮಗಳೂರಿಗೆ ಬರುತ್ತೇನೆ. ನೀವು ಇರುತ್ತೀರಾ?

ಅಡಿನೋಡಿ (ಚಿಕ್ಕಮಗಳೂರು)

ಅಪ್ಪ ಹುಷಾರಾಗಿದ್ದಾರೆ ಅಂತ ಕೇಳಿ ಸಮಾಧಾನವಾಯಿತು. ಬುಧವಾರ ಇರುತ್ತೇನೆ, ಹತ್ತು ಗಂಟೆಯೊಳಗೆ ಬನ್ನಿ. ಬರುವ ಮೊದಲು ಅಡಿ ತೊಳೆಸಬೇಡಿ ಮೇಡಂ. ಮಣ್ಣು ಎಲ್ಲೆಲ್ಲಿ ಕೂತಿದೆ, ಕಲ್ಲು ಎಲ್ಲಿ ಉಜ್ಜಿದೆ ಅಂತ ನಾನು ಮೊದಲು ನೋಡಬೇಕು.